ಸ್ಪ್ರಿಂಗು ಗಟ್ಟಿಯಾದರೆ ಕಾರು ಗಟ್ಟಿಯೇ?

ಜಾತ್ರೆಗೆ ಹೊರಟ ಎತ್ತಿನ ಗಾಡಿಯಲ್ಲಿ ಮೊದಲು ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಕೀಲೆಣ್ಣೆ ಹಾಕಿದ ಅಚ್ಚು ನೇರವಾಗಿ ಗಾಡಿಯ ಮೈಗೇ ಕೂತಿರುತ್ತಿತ್ತು. ನಡುವೆ ಸ್ಪ್ರಿಂಗು ಎಂಬುದೇ ಇರಲಿಲ್ಲ. ಚಕ್ರ ಕಲ್ಲು ಹತ್ತಿದರೆ ಕೂತವರ ಬೆನ್ನೂ ಕಲ್ಲು ಹತ್ತಿದಂತೆಯೇ. ಆ ಪೆಟ್ಟನ್ನು ತಡೆಯುತ್ತಿದ್ದುದು ಒಂದು ಹೊರೆ ಹುಲ್ಲು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ನಮ್ಮ ಮೊದಲ ಸಸ್ಪೆನ್ಷನ್.

ಜಟಕಾ ಬಂದಾಗ ಹುಲ್ಲಿನ ಕೆಲಸವನ್ನು ಉಕ್ಕು ವಹಿಸಿಕೊಂಡಿತು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು ಸ್ಪ್ರಿಂಗಿಗೆ ಇಂಗ್ಲೆಂಡಿನ ಒಬಾಡಯಾ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದಿದ್ದ. ಕುದುರೆ ಗಾಡಿಗೆಂದು ಹುಟ್ಟಿದ ಈ ಕಮಾನು ಮುಂದೆ ಲಾರಿ, ಬಸ್ಸು, ಜೀಪುಗಳಿಗೂ ಬಂತು. ಅಂಬಾಸಿಡರ್ ಕಾರಿನ ಹಿಂಭಾಗವನ್ನು ಕೊನೆಯವರೆಗೂ ಹೊತ್ತದ್ದು ಇದೇ ಕಮಾನು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಇವತ್ತಿಗೂ ವಾಹನದ ಮಾತು ಬಂದರೆ 'ಒಂದು ಪ್ಲೇಟು ಹೆಚ್ಚಿಗೆ ಹಾಕಿಸು' ಎಂಬ ಸಲಹೆ ಕೇಳುವುದುಂಟು. ಹಸಿ ಅಡಿಕೆ ಹೇರುವ ಪಿಕಪ್ಪಿಗೆ, ಮೆಕ್ಕೆಜೋಳದ ಚೀಲ ಹೊರುವ ಲಾರಿಗೆ ಈ ಮಾತು ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. ಆದರೆ ಅದೇ ಪಿಕಪ್ಪು ಖಾಲಿಯಾಗಿ ಮರಳುವಾಗ ಅದರ ಹಿಂಭಾಗ ಕುಣಿಯುವುದನ್ನೂ ಗಮನಿಸಬೇಕು. ಕುಣಿಯುವ ಚಕ್ರ ಕ್ಷಣಕಾಲ ರಸ್ತೆಯನ್ನು ಬಿಟ್ಟಿರುತ್ತದೆ. ರಸ್ತೆ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿದು ಪ್ರಯೋಜನವಿಲ್ಲ. ಭಾರದ ವಾಹನದ ಈ ಪಾಠವನ್ನು ಹಾಗೆಯೇ ಕಾರಿಗೂ ಅನ್ವಯಿಸಿದಾಗ ತೊಂದರೆ ಶುರುವಾಗುತ್ತದೆ.

ಹೆಸರಿಗೆ ಮಸಲ್ ಕಾರು

ಕಾರಿನ ಸಸ್ಪೆನ್ಷನ್ ಬದಲಿಸುವ ಹವ್ಯಾಸ ಬೆಳೆದದ್ದು ಅಮೆರಿಕದಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪೆನಿ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕೂಡಿಸಿ 'ಜಿಟಿಒ' ಎಂಬ ಕಾರು ಹೊರತಂದಿತು. ಇಂಥವುಗಳಿಗೆ 'ಮಸಲ್ ಕಾರು', ಅಂದರೆ ತೋಳ್ಬಲದ ಕಾರು, ಎಂದು ಹೆಸರಾಯಿತು. ತೋಳಿನಲ್ಲಿ ಬಲವಿತ್ತು, ಕಾಲಿನಲ್ಲಿ ಇರಲಿಲ್ಲ. ನೇರ ರಸ್ತೆಯಲ್ಲಿ ಬಾಣದಂತೆ ಓಡುವ ಕಾರು ತಿರುವಿನಲ್ಲಿ ವಾಲುತ್ತಿತ್ತು. ಜೋರಾಗಿ ಹೊರಟರೆ ಹಿಂದಿನ ಅಚ್ಚು ನಡುಗುತ್ತಿತ್ತು. ಆದ್ದರಿಂದ ಅಲ್ಲಿನ ಹವ್ಯಾಸಿಗಳು ಗಟ್ಟಿ ಸ್ಪ್ರಿಂಗು, ದಪ್ಪ ಆ್ಯಂಟಿ ರೋಲ್ ಬಾರ್, ಬಿಗಿಯಾದ ಶಾಕ್ ಅಬ್ಸಾರ್ಬರ್ ಹಾಕಿಸಿ, ಕಾರನ್ನು ನೆಲಕ್ಕೆ ತಗ್ಗಿಸಿ ಓಡಿಸತೊಡಗಿದರು.

ಭಾರತದಲ್ಲಿ ಆ ಹೆಸರು ಅಂಟಿಕೊಂಡದ್ದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾಗೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್ ಕಾರಿನ ಮಾದರಿಯಲ್ಲಿ, 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಾದ ಕಾರು ಅದು. ಉದ್ದನೆಯ ಮೂತಿ, ಅಗಲ ಮೈ, ದೊಡ್ಡ ಆಸನ. ಅಧಿಕಾರಿಗಳೂ ಸಿರಿವಂತರೂ ಮೆಚ್ಚಿದ ಗತ್ತು. ಆದರೆ ಆರಂಭದಲ್ಲಿ ಒಳಗಿದ್ದದ್ದು ಅಂಬಾಸಿಡರಿನದೇ 1.5 ಲೀಟರಿನ ಎಂಜಿನ್! ಆನೆಯ ಮೈಗೆ ಎತ್ತಿನ ಬಲ. ಇಸುಜು ಕಂಪೆನಿಯ 1.8 ಲೀಟರಿನ ಎಂಜಿನ್ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಇಂದು ಉಳಿದಿರುವ ಕಾಂಟೆಸ್ಸಾಗಳಲ್ಲಿ ತೀರಾ ಹೊಸದಕ್ಕೂ ಇಪ್ಪತ್ತು ವರ್ಷ ಮೀರಿದೆ. ಅವುಗಳನ್ನು ಪ್ರೀತಿಯಿಂದ ದುರಸ್ತಿ ಮಾಡಿಸಿ ಓಡಿಸುವವರು ಕರ್ನಾಟಕದಲ್ಲೂ ಇದ್ದಾರೆ. ಅವರೆದುರು ಬರುವ ಮೊದಲ ಪ್ರಶ್ನೆಗಳಲ್ಲಿ ಸಸ್ಪೆನ್ಷನ್ನೂ ಒಂದು.

ಸ್ಪ್ರಿಂಗು ಬೇರೆ, ಶಾಕ್ ಬೇರೆ

ಸಾಮಾನ್ಯವಾಗಿ ಜನ ಇವೆರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಕಾರಿನ ಭಾರ ಹೊರುವುದು ಮತ್ತು ಪೆಟ್ಟನ್ನು ನುಂಗುವುದು ಸ್ಪ್ರಿಂಗಿನ ಕೆಲಸ. ಆದರೆ ನುಂಗಿದ್ದನ್ನು ಸ್ಪ್ರಿಂಗು ಇಟ್ಟುಕೊಳ್ಳುವುದಿಲ್ಲ, ಮರಳಿ ಚಿಮ್ಮುತ್ತದೆ. ಆ ಚಿಮ್ಮುವಿಕೆಗೆ ಕಡಿವಾಣ ಹಾಕುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್ ಇರುತ್ತವೆ. ಕಾರು ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ರಂಧ್ರಗಳಲ್ಲಿ ಕಷ್ಟಪಟ್ಟು ನುಸುಳಬೇಕು. ಹಾಗೆ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ.

ಸಾಮಾನ್ಯ ಕಾರಿನ ಮೈ ಸೆಕೆಂಡಿಗೆ ಸುಮಾರು 1ರಿಂದ 1.5 ಬಾರಿ ತೂಗುವಂತೆ ಸ್ಪ್ರಿಂಗುಗಳನ್ನು ರೂಪಿಸಿರುತ್ತಾರೆ. ಅದು ಮನುಷ್ಯನ ಮೈಗೆ ಹಿತವಾದ ಲಯ. ಸ್ಪ್ರಿಂಗು ಗಟ್ಟಿಯಾದಷ್ಟೂ ಲಯ ಚುರುಕಾಗುತ್ತದೆ. ನುಣುಪಾದ ರಸ್ತೆಯಲ್ಲಿ ಇದರಿಂದ ಹಿಡಿತ ಹೆಚ್ಚಬಹುದು. ತಗ್ಗು ದಿಣ್ಣೆಯ ರಸ್ತೆಯಲ್ಲಿ ಮಾತ್ರ ಚಕ್ರ ನೆಲದ ಏರಿಳಿತವನ್ನು ಅನುಸರಿಸಲಾರದೆ ಪುಟಿಯುತ್ತದೆ. ಟೈರನ್ನು ಸದಾ ನೆಲಕ್ಕೆ ಅಂಟಿಸಿಡುವುದೇ ಸಸ್ಪೆನ್ಷನ್ನಿನ ಮೊದಲ ಧರ್ಮ. ಸುಖ, ಸೊಗಸು ಆನಂತರದ ಮಾತು.

ನಾಲ್ಕು ತಾಲ್ಲೂಕು, ಹಲವು ಪರೀಕ್ಷೆ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ನೆಲ ಒಂದೇ ಅಲ್ಲ. ತಗ್ಗಿಸಿದ, ಬಿಗಿ ಸ್ಪ್ರಿಂಗಿನ ಒಂದು ಕಾಂಟೆಸ್ಸಾ ಈ ನಾಲ್ಕೂ ಕಡೆ ಸುತ್ತಲು ಹೊರಟಿದೆ ಎಂದು ಊಹಿಸಿಕೊಳ್ಳೋಣ.

ಚನ್ನಗಿರಿಯ ಗುಡ್ಡ, ಅಡಿಕೆ ತೋಟಗಳ ನಡುವಿನ ತಿರುವುಗಳಲ್ಲಿ ಕಾರು ಕಡಿಮೆ ವಾಲುತ್ತದೆ. ಚಾಲಕನಿಗೆ ಸಂತೋಷವೇ. ಅದಕ್ಕೆ ಕಾರಣ ಆ್ಯಂಟಿ ರೋಲ್ ಬಾರ್. ಎಡ ಬಲ ಚಕ್ರಗಳನ್ನು ಕೂಡಿಸುವ ಈ ಉಕ್ಕಿನ ಸರಳು ಒಂದು ಬದಿ ಕುಸಿಯದಂತೆ ಇನ್ನೊಂದರ ಬೆಂಬಲ ಪಡೆಯುತ್ತದೆ. ಆದರೆ ರಸ್ತೆಯ ಅಂಚು ಕಿತ್ತುಹೋಗಿದ್ದರೆ ಎಡ ಚಕ್ರ ತಿಂದ ಪೆಟ್ಟನ್ನು ಬಲ ಚಕ್ರಕ್ಕೂ ಅದೇ ಸರಳು ಹಂಚುತ್ತದೆ.

ಹೊನ್ನಾಳಿ, ನ್ಯಾಮತಿ ಕಡೆ ಎರೆಮಣ್ಣು ಇರುವೆಡೆ ಸಮಸ್ಯೆ ಬೇರೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ಅಲೆಯಂತೆ ಏಳುತ್ತದೆ. ಇಂಥ ಕಡೆ ಶಾಕ್ ಅಬ್ಸಾರ್ಬರ್ ಸವೆದಿದ್ದರೆ ಒಂದು ಅಲೆಯ ಕುಣಿತ ನಿಲ್ಲುವ ಮೊದಲೇ ಇನ್ನೊಂದು ಅಲೆ ಬಂದಿರುತ್ತದೆ. ಕಾರು ದೋಣಿಯಂತಾಗುತ್ತದೆ. ಸ್ಪ್ರಿಂಗು ಎಷ್ಟೇ ಹೊಸದಾದರೂ ಇದಕ್ಕೆ ಪರಿಹಾರವಲ್ಲ.

ಇನ್ನು ಊರೂರಿನ ಹಂಪುಗಳು. ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ವಾಹನ ಅದನ್ನು ದಾಟುವಂತಿರಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ಹಳ್ಳಿ ಮುಂದೆ ಜನರೇ ಹಾಕಿಕೊಂಡ ಹಂಪಿಗೆ ಮಾರ್ಗಸೂಚಿಯ ಹಂಗಿಲ್ಲ. ಗೇಣಗಲದಲ್ಲಿ ಗೋಡೆಯಂತೆ ನಿಂತ ಹಂಪನ್ನು ತಗ್ಗಿಸಿದ ಕಾರು ದಾಟುವಾಗ ಮೊದಲು ಪೆಟ್ಟು ತಿನ್ನುವುದು ಆಯಿಲ್ ಚೇಂಬರ್.

ಜಗಳೂರಿನಂಥ ಬಯಲುಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಹುರುಳಿ, ರಾಗಿ, ಜೋಳದ ಕಟಾವಾದಾಗ ಡಾಂಬರು ರಸ್ತೆಯೇ ಕಣ. ಪೈರು ಹರಡಿದರೆ ಹೋಗಿ ಬರುವ ವಾಹನಗಳೇ ಒಕ್ಕಣೆ ಮಾಡಿಕೊಡುತ್ತವೆ. ಒಣಗಿದ ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂಬ ಎಚ್ಚರಿಕೆ ಸುಗ್ಗಿ ಬಂದಾಗಲೆಲ್ಲ ಕೇಳಿಬರುವುದು ಇದೇ ಕಾರಣಕ್ಕೆ. ಕಾರು ನೆಲಕ್ಕೆ ಹತ್ತಿರವಾದಷ್ಟೂ ಬಳ್ಳಿಗೂ ಹತ್ತಿರ. ಅಮೆರಿಕದ ಹೆದ್ದಾರಿಗೆಂದು ಹೇಳಿದ ಸೂತ್ರ ಇಲ್ಲಿ ಪ್ರಾಣಕ್ಕೇ ಕುತ್ತು ತರಬಹುದು.

ಅಗ್ಗದ ದಾರಿಗಳು

ಕಾರು ತಗ್ಗಿಸಬೇಕೆಂದು ಸುರುಳಿ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ಹಾಕುವವರಿದ್ದಾರೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗು ಗಿಡ್ಡವಾಗುವುದಷ್ಟೇ ಅಲ್ಲ, ಇನ್ನೂ ಗಡುಸಾಗುತ್ತದೆ. ತುದಿ ಸರಿಯಾಗಿ ಕೂರದೆ ಜಾಗ ಬಿಟ್ಟು ಕದಲುವ ಭಯವೂ ಉಂಟು. ಎತ್ತರ ಬೇಕೆನ್ನುವವರು ಸುರುಳಿಗಳ ನಡುವೆ ರಬ್ಬರ್ ಬಫರ್ ತೂರಿಸುತ್ತಾರೆ. ಅದು ಸಿಕ್ಕಿಸಿದ ಕಡೆ ಸ್ಪ್ರಿಂಗಿನ ಆಟ ನಿಂತು ಉಳಿದ ಸುತ್ತುಗಳ ಮೇಲೆ ದುಡಿತ ಹೆಚ್ಚುತ್ತದೆ. ಎತ್ತರಿಸಿದ ಕಾರಿನ ಭಾರವೂ ಮೇಲೇರುವುದರಿಂದ ತಿರುವಿನಲ್ಲಿ ವಾಲುವುದು ಹೆಚ್ಚು.

ಹಳೆಯ ಕಾರಿಗೆ ಹಣ ಹಾಕುವವರು ಅನುಸರಿಸಬೇಕಾದ ಕ್ರಮ ಸರಳ. ಮೊದಲು ಒಳ್ಳೆಯ ರೇಡಿಯಲ್ ಟೈರು ಮತ್ತು ಸುಸ್ಥಿತಿಯ ಬ್ರೇಕು. ನಂತರ ರಬ್ಬರ್ ಬುಷ್‌ಗಳು. ವಯಸ್ಸಾದ ರಬ್ಬರು ಬಿರುಕು ಬಿಟ್ಟರೆ ಚಕ್ರ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಮೂರನೆಯದು ಶಾಕ್ ಅಬ್ಸಾರ್ಬರ್. ಕಾರಿನ ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟರೆ ಒಮ್ಮೆ ಎದ್ದು ಸುಮ್ಮನಾಗಬೇಕು. ಮತ್ತೆ ಮತ್ತೆ ಕುಣಿದರೆ, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಅದರ ಆಯುಷ್ಯ ಮುಗಿದಂತೆ. ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಸ್ಪ್ರಿಂಗಿನ ಮಾತು. ಅನೇಕರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳದು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು.

ಕಾನೂನನ್ನೂ ನೆನಪಿಡಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ವಿಧಿ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕಿಸುವುದು ದುರಸ್ತಿ. ಕಾರಿನ ಮೂಲ ರಚನೆಯನ್ನೇ ಬದಲಿಸುವುದು ಮಾರ್ಪಾಡು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಲು ತಪಾಸಣೆ ಕಡ್ಡಾಯ. ಕಾಂಟೆಸ್ಸಾಗಳೆಲ್ಲವೂ ಆ ಗಡಿ ದಾಟಿರುವುದರಿಂದ ಈ ವ್ಯತ್ಯಾಸ ಮಾಲೀಕರಿಗೆ ತಿಳಿದಿರಲೇಬೇಕು.

ಗಾಡಿಗೆ ಹುಲ್ಲು ಹಾಸುತ್ತಿದ್ದ ಹಿರಿಯರಿಗೆ ಸ್ಪ್ರಿಂಗಿನ ಲೆಕ್ಕ ಗೊತ್ತಿರಲಿಲ್ಲ. ಆದರೆ ಯಾವ ದಾರಿಗೆ ಎಷ್ಟು ಹುಲ್ಲು ಬೇಕೆಂಬುದು ಗೊತ್ತಿತ್ತು. ಕಾರಿಗೆ ಬಿಡಿಭಾಗ ಕೊಳ್ಳಲು ಹೊರಡುವ ಮುನ್ನ ಅದು ದಿನವೂ ಓಡಾಡುವ ದಾರಿಯನ್ನು ಒಮ್ಮೆ ನಿಧಾನವಾಗಿ ನೋಡಿ ಬರುವುದು ಒಳ್ಳೆಯದು.