ಆಮ್ಲಜನಕ ಮತ್ತು ಉತ್ಕರ್ಷಣ: ಮೆಗ್ನೀಸಿಯಂ ನುಡಿಯುವ ಸಾಕ್ಷ್ಯ

ಪಾರಿಭಾಷಿಕ ಪದವೊಂದು ವಸ್ತುವನ್ನು ಹೆಸರಿಸುವುದರ ಜೊತೆಗೆ ತಾನು ಹುಟ್ಟಿದ ಕಾಲದ ಸಿದ್ಧಾಂತವನ್ನೂ ಹೊತ್ತು ತರುತ್ತದೆ. ಕನ್ನಡದ ‘ಆಮ್ಲಜನಕ’ ಅಂಥದೊಂದು ಪದ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ಭಾವಿಸಿದ ಫ್ರಾನ್ಸಿನ ಲವಾಸಿಯೇ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ಅನುವಾದ ಅದು. ಈ ಹೆಸರು ಎಷ್ಟರ ಮಟ್ಟಿಗೆ ಅನ್ವರ್ಥ ಎಂಬುದನ್ನು ಶಾಲೆಯ ಪ್ರಯೋಗಾಲಯದ ಒಂದು ತುಂಡು ಮೆಗ್ನೀಸಿಯಂ ಪಟ್ಟಿಯಿಂದಲೂ, ಕೇರಳದ ಕರಾವಳಿಯ ಕೈಗಾರಿಕೆಗಳಿಂದಲೂ ಪರೀಕ್ಷಿಸಬಹುದು.

ಉಜ್ಜಿ ಶುಚಿಗೊಳಿಸಿದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಗೊಡ್ಡಿದರೆ ಅದು ಬರಿಗಣ್ಣಿನಿಂದ ನೋಡಬಾರದಷ್ಟು ಪ್ರಖರವಾಗಿ ಉರಿದು ಬಿಳಿಯ ಬೂದಿಯಾಗುತ್ತದೆ. ಸುಮಾರು 24 ಗ್ರಾಂ ಲೋಹ 16 ಗ್ರಾಂ ಆಮ್ಲಜನಕದೊಡನೆ ಕೂಡಿ 40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗುವುದು ಇಲ್ಲಿನ ಲೆಕ್ಕ. ಬೂದಿಯನ್ನು ನೀರಿನಲ್ಲಿ ಕದಡಿ ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದರೆ ಕಾಗದ ನೀಲಿಯಾಗುತ್ತದೆ. ಆಮ್ಲಜನಕದಿಂದ ಇಲ್ಲಿ ಜನಿಸಿದ್ದು ಪ್ರತ್ಯಾಮ್ಲ.

ಅದೇ ಪಟ್ಟಿಯನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಗುಳ್ಳೆಗಳೇಳುತ್ತವೆ, ಪ್ರನಾಳ ಬಿಸಿಯಾಗುತ್ತದೆ. ಹೊರಬರುವ ಅನಿಲಕ್ಕೆ ಉರಿಯುವ ಕಡ್ಡಿ ಸೋಕಿದರೆ ‘ಪಟ್’ ಎಂದು ಹೊತ್ತಿಕೊಳ್ಳುತ್ತದೆ, ಅದು ಜಲಜನಕ. ದ್ರಾವಣದಲ್ಲಿ ಉಳಿಯುವುದು ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ. ಕೊಚ್ಚಿಯ ಸಮೀಪದ ಉದ್ಯೋಗಮಂಡಲದಲ್ಲಿ ಈ ಆಮ್ಲವನ್ನು ತಯಾರಿಸುವುದು ಜಲಜನಕ, ಕ್ಲೋರಿನ್‌ಗಳನ್ನು ಕೂಡಿಸಿ. ಅದರ ಅಣುವಿನಲ್ಲಿ ಆಮ್ಲಜನಕದ ಸೋಂಕೇ ಇಲ್ಲ. 1808ರಲ್ಲಿ ಮೆಗ್ನೀಸಿಯಂ ಲೋಹವನ್ನು ಮೊದಲಿಗೆ ಬೇರ್ಪಡಿಸಿದ ಹಂಫ್ರಿ ಡೇವಿಯೇ 1810ರಲ್ಲಿ ಕ್ಲೋರಿನ್ ಒಂದು ಮೂಲವಸ್ತುವೆಂದು ತೋರಿಸಿದಾಗ ಲವಾಸಿಯೇಯ ಸಿದ್ಧಾಂತ ಕುಸಿಯಿತು. ಹೆಸರು ಮಾತ್ರ ಉಳಿಯಿತು.

ಎರಡೂ ಪ್ರಯೋಗಗಳಲ್ಲಿ ಲೋಹದ ನಡೆ ಒಂದೇ. ಮೆಗ್ನೀಸಿಯಂ ಪರಮಾಣು ತನ್ನ ಹೊರಕವಚದ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವನ್ನು ಒಮ್ಮೆ ಆಮ್ಲಜನಕ, ಇನ್ನೊಮ್ಮೆ ಆಮ್ಲದ ಜಲಜನಕ ಅಯಾನುಗಳು ಪಡೆಯುತ್ತವೆ. ಈ ಕೊಡುವಿಕೆಯನ್ನು ರಸಾಯನಶಾಸ್ತ್ರ ‘ಉತ್ಕರ್ಷಣ’ವೆಂದೂ ಪಡೆಯುವಿಕೆಯನ್ನು ‘ಅಪಕರ್ಷಣ’ವೆಂದೂ ಕರೆಯುತ್ತದೆ.

ಮೂರನೆಯ ನಿದರ್ಶನ ಕೊಚ್ಚಿ–ತಿರುವನಂತಪುರಗಳ ನಡುವಣ ಕರಾವಳಿಯಲ್ಲಿ, ಕೊಲ್ಲಂ ಜಿಲ್ಲೆಯ ಚವರದಲ್ಲಿದೆ. ಅಲ್ಲಿನ ಮರಳಿನಲ್ಲಿರುವ ಇಲ್ಮನೈಟ್ ಟೈಟಾನಿಯಂನ ಅದಿರು. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನೆರವಿನಿಂದ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಸಂಸ್ಥೆ ವರ್ಷಕ್ಕೆ 500 ಟನ್ ಸಾಮರ್ಥ್ಯದ ಸ್ಥಾವರವೊಂದನ್ನು ಅಲ್ಲಿ ಕಟ್ಟಿತು. 2011ರಲ್ಲಿ ಅದರ ಉದ್ಘಾಟನೆಯಾಯಿತು. ಅದು ಅನುಸರಿಸುವ ವಿಧಾನದಲ್ಲಿ, ಗಾಳಿಯನ್ನು ಹೊರಗಿಟ್ಟು ಆರ್ಗಾನ್ ತುಂಬಿದ ಪಾತ್ರೆಯೊಳಗೆ ಕರಗಿದ ಮೆಗ್ನೀಸಿಯಂ, ಟೈಟಾನಿಯಂ ಟೆಟ್ರಾಕ್ಲೋರೈಡಿನಿಂದ ಕ್ಲೋರಿನ್ನನ್ನು ಸೆಳೆದುಕೊಳ್ಳುತ್ತದೆ. ಟೈಟಾನಿಯಂ ಲೋಹ ಸ್ಪಂಜಿನಂತೆ ಉಳಿಯುತ್ತದೆ. ಜೊತೆಗೆ ದೊರೆಯುವುದು ಪ್ರನಾಳದಲ್ಲಿ ಕಂಡ ಅದೇ ಮೆಗ್ನೀಸಿಯಂ ಕ್ಲೋರೈಡ್. ಆಮ್ಲಜನಕವೂ ಇಲ್ಲ, ಆಮ್ಲವೂ ಇಲ್ಲ. ಆದರೂ ಮೆಗ್ನೀಸಿಯಂ ಉತ್ಕರ್ಷಣ ಹೊಂದಿದೆ.

ಇಂಗ್ಲಿಷಿನ ‘ಆಕ್ಸಿಡೇಷನ್’ ಪದ ಇಲ್ಲಿ ಇಲ್ಲದ ಆಮ್ಲಜನಕವನ್ನು ನೆನಪಿಗೆ ತರುತ್ತದೆ. ಕನ್ನಡದ ‘ಉತ್ಕರ್ಷಣ’ಕ್ಕೆ ಆ ಹೊರೆಯಿಲ್ಲ. ‘ಆಮ್ಲಜನಕ’ ಬಳಕೆಯಲ್ಲಿ ಬೇರೂರಿದೆ, ಅದನ್ನು ಕೀಳುವ ಅಗತ್ಯವಿಲ್ಲ. ಅದರೊಳಗಿನ ಹಳೆಯ ತಪ್ಪನ್ನು ತಿಳಿಸಿ ಕಲಿಸಿದರೆ ಸಾಕು. ಆದರೆ ಹೊಸ ಪದಗಳನ್ನು ರಚಿಸುವವರು ಮೂಲಪದದ ವ್ಯುತ್ಪತ್ತಿಗಿಂತ ಮೊದಲು ವಸ್ತುವಿನ ನಡೆಯನ್ನು ಗಮನಿಸಬೇಕು ಎಂಬುದಕ್ಕೆ ಈ ಎರಡು ಪದಗಳೇ ನಿದರ್ಶನ.