ಪೆನ್ಸಿಲ್ ಚಿತ್ರವನ್ನು ನೋಡುವ ಬಗೆ

ಅರಸೀಕೆರೆಯ ಬಳಿಯ ಹಾರನಹಳ್ಳಿಯ ಸೋಮೇಶ್ವರ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ, 1235ರ ಸುಮಾರಿಗೆ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣರೆಂಬ ಮೂವರು ಸೋದರರು ಕಟ್ಟಿಸಿದ ಗುಡಿ ಅದು. ಅದರ ಕೆಲವು ಭಾಗಗಳು ಪೂರ್ಣಗೊಳ್ಳದೆ ಉಳಿದಿವೆ. ನೋಡಿದವರಿಗೆ, "ಅಯ್ಯೋ, ಮುಗಿಸಲಿಲ್ಲವಲ್ಲ!" ಎನಿಸುತ್ತದೆ. ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು ಕಂಡಾಗಲೂ ಹಲವರು ಹೀಗೆಯೇ, "ಇನ್ನು ಬಣ್ಣ ಹಚ್ಚುವುದೊಂದು ಬಾಕಿ" ಎನ್ನುತ್ತಾರೆ. ಈ ಮಾತು ಸರಿಯೆ?

ನಮ್ಮಲ್ಲಿ ನಾಲೆಯೆಂದರೆ ಗದ್ದೆಗೆ ನೀರು ಹರಿಸುವಂಥದು. ಇಟಲಿಯ ವೆನಿಸ್ ನಗರದಲ್ಲಾದರೋ ನಾಲೆಯೇ ರಾಜಬೀದಿ, ದೋಣಿಯೇ ಗಾಡಿ. ಆ ಊರಿನ ಚಿತ್ರಗಾರ ಕೆನಲೆಟ್ಟೊ (1697–1768) ನಾಲೆಯ ದಂಡೆಯ ಮನೆಸಾಲುಗಳನ್ನು ಚಿಕ್ಕ ಪುಸ್ತಕವೊಂದರಲ್ಲಿ ಗೀಚಿಕೊಂಡಿದ್ದ. ಗೋಡೆಗಳ ಬಣ್ಣವನ್ನು ಅಕ್ಷರಗಳಿಂದ ಗುರುತು ಹಾಕಿಕೊಂಡಿದ್ದ. ಅವನಿಗೆ ಅದು ಮುಂದಿನ ವರ್ಣಚಿತ್ರಕ್ಕೆ ಟಿಪ್ಪಣಿ. ಆದರೂ ಅಂಥ ಹಾಳೆ ತಾನೇ ಒಂದು ಚಿತ್ರವಾಗಿ ನಿಲ್ಲಬಲ್ಲದು. ಅದು ಹೇಗೆಂಬುದನ್ನು, ನಾಲೆಯ ಬದಿಯ ಬೀದಿಯ ಪೆನ್ಸಿಲ್ ಚಿತ್ರವೊಂದು ನಿಮ್ಮ ಎದುರಿಗಿದೆಯೆಂದುಕೊಂಡು ನೋಡೋಣ.

ಮೊದಲು ಗೆರೆಗಳ ಓಟವನ್ನು ಗಮನಿಸಿರಿ. ದೂರ ಹೋದಂತೆ ಮಾಡಿನ ಗೆರೆ ಕೆಳಗಿಳಿಯುತ್ತದೆ, ದಂಡೆಯ ಗೆರೆ ಮೇಲೇರುತ್ತದೆ. ಅವೆರಡೂ ಕೂಡುವ ಎತ್ತರವೇ ಚಿತ್ರಗಾರನ ಕಣ್ಣಿನ ಎತ್ತರ. ಅವನು ದೋಣಿಯಲ್ಲಿ ಕುಳಿತಿದ್ದನೋ, ಸೇತುವೆಯ ಮೇಲೆ ನಿಂತಿದ್ದನೋ ಅದರಿಂದ ತಿಳಿಯುತ್ತದೆ.

ಬಳಿಕ ಕಪ್ಪನ್ನು ನೋಡಿರಿ. ಪೆನ್ಸಿಲಿನೊಳಗಿರುವುದು ಸೀಸವಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಜೇಡಿ ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತೆಳು, ಅದು 'ಎಚ್'. ಗ್ರಾಫೈಟ್ ಹೆಚ್ಚಾದರೆ ಮೆದು, ಕಪ್ಪು, ಅದು 'ಬಿ'. ಸೇತುವೆಯ ಕೆಳಗಿನ ಕತ್ತಲೆಗೆ ಮೆದು ಕಡ್ಡಿ, ದೂರದ ಗೋಪುರಕ್ಕೆ ಗಡುಸು ಕಡ್ಡಿ. ಹೀಗೆ ಒಂದೇ ಬಣ್ಣದಲ್ಲಿ ಹತ್ತಿರ ದೂರಗಳೆರಡೂ ಮೂಡುತ್ತವೆ.

ಕೊನೆಯದಾಗಿ ನೀರನ್ನು ಹುಡುಕಿರಿ. ಗೋಡೆಯ ನೆರಳಿನ ನಾಲ್ಕಾರು ನಡುಗುವ ಗೆರೆಗಳನ್ನು ಬಿಟ್ಟರೆ ಅಲ್ಲಿ ಏನೂ ಇಲ್ಲ, ಬರಿಯ ಕಾಗದ! ಆದರೂ ನಮಗೆ ಕಾಣುವುದು ನೀರೇ. ಗುಡಿಯಲ್ಲಿ ಕೆಲಸ ನಿಂತುಹೋಯಿತು. ಇಲ್ಲಿ ಚಿತ್ರಗಾರನೇ ತಿಳಿದು ಕೈ ನಿಲ್ಲಿಸಿದ್ದಾನೆ. ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಟ್ಟಿದ್ದಾನೆ.

ನಮ್ಮ ಊರುಗಳ ಹೆಂಚಿನ ಮನೆಗಳು, ಜಗಲಿಗಳು ಒಂದೊಂದಾಗಿ ಮರೆಯಾಗುತ್ತಿವೆ. ಮಕ್ಕಳ ಪೆಟ್ಟಿಗೆಯಿಂದ ಒಂದು ಪೆನ್ಸಿಲು ತೆಗೆದುಕೊಂಡು, ನಿಮ್ಮ ಬೀದಿಯನ್ನು ಒಮ್ಮೆ ಬರೆದು ನೋಡಿರಿ. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ದಿನವೂ ನಡೆದಾಡುವ ಬೀದಿಯಲ್ಲಿ ನೀವು ಇದುವರೆಗೆ ಕಾಣದಿದ್ದ ಎಷ್ಟೋ ಸಂಗತಿಗಳು ಅಂದು ಕಣ್ಣಿಗೆ ಬೀಳುತ್ತವೆ.