ಬರೆಯುವ ವಿದ್ಯಾರ್ಥಿಯ ಮೇಜಿನ ಮೇಲೆ

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅಲ್ಲೇ ಓದುತ್ತಿದ್ದ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ಎರಡು ವರ್ಷಗಳ ಹಿಂದೆಯೇ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನವೂ ಅವನ ಹೆಸರಿನಲ್ಲಿ ಅಚ್ಚಾಗಿತ್ತು. ಕವಿತೆಗಳನ್ನು ನೋಡಿದ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ವಿಚಾರಿಸಿ, ಇನ್ನು ಮುಂದೆ ಅದರಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಆ ಹುಡುಗ ಕುಪ್ಪಳಿಯ ಪುಟ್ಟಪ್ಪ, ಮುಂದೆ ಕುವೆಂಪು.

ಈ ಪ್ರಸಂಗವನ್ನು ಭಾಷಾಭಿಮಾನದ ಕಥೆಯಾಗಿ ಹೇಳುವುದು ರೂಢಿ. ಆದರೆ ಹತ್ತೊಂಬತ್ತರ ಹುಡುಗನ ಬರಹವನ್ನು ಅನುಭವಿಯೊಬ್ಬರು ಗಮನವಿಟ್ಟು ಓದಿದರು, ಮುಖದಾಕ್ಷಿಣ್ಯ ಬಿಟ್ಟು ಅಭಿಪ್ರಾಯ ಹೇಳಿದರು ಎಂಬುದೂ ಅಷ್ಟೇ ಮುಖ್ಯ. ಹೊಸಗನ್ನಡ ಸಾಹಿತ್ಯ ಕುಡಿಯೊಡೆದ ಜಾಗಗಳಲ್ಲೆಲ್ಲ ಇಂಥ ಓದುಗರು ಕಾಣುತ್ತಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಹೊರಡಿಸಿದರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿಗೆ ಕಾಲೇಜು ಓದುತ್ತಿದ್ದ ವಿನಾಯಕ ಕೃಷ್ಣ ಗೋಕಾಕ್ ಬಂದು ಸೇರಿದರು. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದರೆ, ಈ ಶಿಷ್ಯನಿಗೆ 1990ರದು ಬಂತು. ನಂತರದ ತಲೆಮಾರಿನ ಅನೇಕರಿಗೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವೇ ಮೊದಲ ಅಂಗಳ. ಕನ್ನಡ ಮೇಷ್ಟರಾಗಿದ್ದ ಚಿ. ಶ್ರೀನಿವಾಸರಾಜು ಅಲ್ಲಿ ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ನಡೆಸಿದರು. ಆಯ್ದ ಕವಿತೆಗಳನ್ನು ಪುಸ್ತಕವಾಗಿಯೂ ತಂದರು. ಇಂಗ್ಲಿಷ್ ವಾತಾವರಣದ ಕಾಲೇಜೊಂದು ಕನ್ನಡ ಪುಸ್ತಕಗಳ ಪ್ರಕಾಶನ ಸಂಸ್ಥೆಯಾದದ್ದು ಒಬ್ಬ ಮೇಷ್ಟರ ಹಟದಿಂದ.

ಈಗ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಓದುತ್ತ ಕಥೆ, ಕವಿತೆ, ಲೇಖನ ಬರೆಯುವವರಿಗೆ ಇಂಥ ಮೇಷ್ಟರು ಸಿಗುವುದು ಅದೃಷ್ಟದ ಮಾತು. ಸಲಕರಣೆಗಳ ವಿಷಯದಲ್ಲಿ ಮಾತ್ರ ಅವರು ಕುವೆಂಪು, ಗೋಕಾಕರಿಗಿಂತ ಎಷ್ಟೋ ಪಾಲು ಶ್ರೀಮಂತರು. ಆ ಶ್ರೀಮಂತಿಕೆಯ ಬಹುಪಾಲು ಪುಕ್ಕಟೆಯಾಗಿ ಸಿಗುತ್ತದೆ. ಇದೆಯೆಂದು ಗೊತ್ತಿರುವವರು ಕಡಿಮೆ, ದಿನವೂ ಬಳಸುವವರು ಇನ್ನೂ ಕಡಿಮೆ.

ಮೊದಲು ನಿಘಂಟು. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚು ಹಾಕಿದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ಉಪಯುಕ್ತ. ಅದರಲ್ಲಿ ಸುಮಾರು 70 ಸಾವಿರ ಪದಗಳಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ 8 ಸಂಪುಟಗಳ ಬೃಹತ್ ಕೆಲಸ. ಶಾಸನದಲ್ಲಿ, ಕಾವ್ಯದಲ್ಲಿ ಒಂದೊಂದು ಪದ ಎಲ್ಲೆಲ್ಲಿ ಹೇಗೆ ಬಂದಿದೆ ಎಂಬ ಉದಾಹರಣೆಯನ್ನೂ ಅದು ಕೊಡುತ್ತದೆ. ಅದಕ್ಕಾಗಿ ಬಹುಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರೇ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದು, ಓದುಗರು ಕೇಳಿದ ಪದಗಳ ಅರ್ಥ, ಮೂಲ, ಸರಿ-ತಪ್ಪುಗಳನ್ನು ವರ್ಷಗಟ್ಟಲೆ ಬಿಡಿಸಿ ಹೇಳಿದರು. 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡ ಆ ಹಿರಿಯರ ಅಂಕಣ ಪುಸ್ತಕವಾಗಿಯೂ ಸಿಗುತ್ತದೆ. ‘ವಿಧ್ಯಾರ್ಥಿ’, ‘ಧೃಢ’, ‘ಉಚ್ಛಾರ’ ಎಂದು ಕೈತಪ್ಪಿ ಬರೆಯುವವರು ದಿನಕ್ಕೆರಡು ಪುಟ ಓದಿದರೂ ಸಾಕು, ಕಾಗುಣಿತದ ಮೇಲೆ ನಿಗಾ ತಾನಾಗಿ ಬರುತ್ತದೆ.

ಮೊಬೈಲಿನಲ್ಲೇ ನೋಡುವುದಾದರೆ ‘ಅಲರ್’ ಇದೆ. ವಿ. ಕೃಷ್ಣ ಎಂಬುವರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದಗಳ ಆ ಕಣಜ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ‘ವಚನ ಸಂಚಯ’ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಅಲ್ಲಿ ಒಂದು ಪದ ಕೊಟ್ಟು ಹುಡುಕಿದರೆ ಅದು ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ‘ನೆರಳು’ ಎಂಬ ಪದವನ್ನು ಶರಣರು ಎಷ್ಟು ಬಗೆಯಲ್ಲಿ ದುಡಿಸಿಕೊಂಡರು ಎಂದು ತಿಳಿಯಲು ಹಿಂದೆ ಪಂಡಿತರು ತಿಂಗಳುಗಟ್ಟಲೆ ಪುಟ ತಿರುವಬೇಕಿತ್ತು. ಕವಿತೆ ಬರೆಯುವ ಹುಡುಗಿಯೊಬ್ಬಳು ಈಗ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅದನ್ನು ನೋಡಿ ಮುಗಿಸಬಹುದು.

ಇನ್ನು ಓದುವ ಪುಸ್ತಕ. ಭಾರತದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ 1946ರಲ್ಲಿ, ಮಂಜೇಶ್ವರದ ಗೋವಿಂದ ಪೈ 1963ರಲ್ಲಿ. ಇವರನ್ನೆಲ್ಲ ಈಗ ಯಾವ ಅಳುಕೂ ಇಲ್ಲದೆ ಡೌನ್‌ಲೋಡ್ ಮಾಡಿಕೊಂಡು ಓದಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪ್ ಮಾಡಿದ ಪಠ್ಯಗಳಿವೆ. ಈಚಿನ ಲೇಖಕರಿಗೆ ಗ್ರಂಥಾಲಯವೇ ಗತಿ. ರಾಜ್ಯದಲ್ಲಿ ‘ಅರಿವು ಕೇಂದ್ರ’ ಎಂದು ಹೆಸರಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ 5 ಸಾವಿರಕ್ಕೂ ಹೆಚ್ಚಿವೆ. ಊರಿನ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಇಲ್ಲದಿದ್ದರೆ ಮೇಲ್ವಿಚಾರಕರಿಗೆ ಹೆಸರು ಬರೆದುಕೊಡಲು ಸಂಕೋಚಪಡಬಾರದು. ಕೇಳುವವರಿಲ್ಲದ ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ತುಂಬಿಕೊಳ್ಳುತ್ತವೆ.

ಸಲಕರಣೆ ಸಿಕ್ಕಿತು, ಮುಂದೆ? ಇಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಒಂದು ಅಭ್ಯಾಸವನ್ನು ವಿವರವಾಗಿ ಹೇಳಬೇಕು. ಬಾಸ್ಟನ್ನಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಫ್ರಾಂಕ್ಲಿನ್ ಕೈಗೆ ‘ಸ್ಪೆಕ್ಟೇಟರ್’ ಎಂಬ ಲಂಡನ್ ಪತ್ರಿಕೆಯ ಒಂದು ಸಂಪುಟ ಸಿಕ್ಕಿತು. ಅದರ ಗದ್ಯ ಹಿಡಿಸಿತು. ಹಾಗೆ ಬರೆಯುವುದನ್ನು ಕಲಿಯಬೇಕೆನಿಸಿತು. ಒಂದು ಪ್ರಬಂಧ ಓದಿ, ಪ್ರತಿ ವಾಕ್ಯದ ಅಭಿಪ್ರಾಯವನ್ನು ಎರಡು ಮೂರು ಪದಗಳಲ್ಲಿ ಗುರುತು ಹಾಕಿಕೊಂಡ. ಕೆಲವು ದಿನ ಅದನ್ನು ಹಾಗೇ ಬಿಟ್ಟು, ಪುಸ್ತಕ ನೋಡದೆ ಆ ಗುರುತುಗಳಿಂದಲೇ ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆದ. ಆಮೇಲೆ ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಂಡ. ಪದಸಂಪತ್ತು ಸಾಲದೆಂದು ಕಂಡಾಗ ಗದ್ಯವನ್ನು ಪದ್ಯ ಮಾಡಿ, ಪದ್ಯವನ್ನು ಮತ್ತೆ ಗದ್ಯಕ್ಕೆ ತಿರುಗಿಸಿದ. ಒಮ್ಮೊಮ್ಮೆ ಗುರುತುಗಳ ಕ್ರಮವನ್ನೇ ಕಲಸಿಟ್ಟು, ವಾರಗಳ ನಂತರ ಅವನ್ನು ಸರಿಯಾಗಿ ಜೋಡಿಸಲು ಕೂತ. ವಿಚಾರವನ್ನು ಯಾವ ವರಸೆಯಲ್ಲಿ ಹೇಳಬೇಕು ಎಂಬುದು ಅವನಿಗೆ ಹಾಗೆ ಪಳಗಿತು. ಇದಕ್ಕೆಲ್ಲ ಅವನಿಗೆ ಸಿಗುತ್ತಿದ್ದದ್ದು ಕೆಲಸಕ್ಕೆ ಮುಂಚಿನ ಬೆಳಗು, ಕೆಲಸ ಮುಗಿದ ಮೇಲಿನ ರಾತ್ರಿ ಮತ್ತು ಭಾನುವಾರ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾವ್ ಅವರ ‘ಹಗಲುಗನಸುಗಳು’ ಇಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ಒಂದೊಂದು ಪ್ರಬಂಧವೂ ಒಂದೇ ಕೂತಲ್ಲಿ ಓದಿ ಮುಗಿಸುವಷ್ಟಿದೆ. ಎರಡು ಪುಟ ಆರಿಸಿಕೊಂಡು ಹೀಗೆ ಬರೆದು ಹೋಲಿಸಿದರೆ, ದೊಡ್ಡ ಲೇಖಕರು ಎಲ್ಲಿ ವಿವರ ಕೊಟ್ಟರು, ಎಲ್ಲಿ ಸುಮ್ಮನಾದರು ಎಂಬುದು ಬರೆಯುವವರ ಕೈಗೇ ಅರ್ಥವಾಗುತ್ತದೆ. ಈ ಪುಟಗಳು ಅಭ್ಯಾಸದ ನೋಟುಬುಕ್ಕಿನಲ್ಲೇ ಉಳಿಯಬೇಕು, ಪತ್ರಿಕೆಗೆ ಹೋಗಬಾರದು ಎಂದು ಬೇರೆ ಹೇಳಬೇಕಿಲ್ಲ.

ಪುಸ್ತಕ ಮುಚ್ಚಿಟ್ಟು ಬರೆಯುವುದರ ಲಾಭಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಕೆಲವು ಭಾಗಗಳನ್ನು ಎರಡನೇ ಸಲವೂ ಓದಿದರು. ಇನ್ನು ಕೆಲವನ್ನು ಒಂದೇ ಸಲ ಓದಿ, ನೆನಪಾದಷ್ಟನ್ನು ಕಾಗದದ ಮೇಲೆ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಭಾಗವೇ ಚೆನ್ನಾಗಿ ನೆನಪಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ತಲೆಕೆಳಗಾಯಿತು: ಎರಡು ಸಲ ಓದಿದ್ದರಲ್ಲಿ ನೆನಪಾದದ್ದು ಶೇ. 42, ಓದಿ ಬರೆದಿದ್ದರಲ್ಲಿ ಶೇ. 56. ಪರೀಕ್ಷೆಗೆ ಓದುವವರಿಗೂ ಲೇಖನಕ್ಕೆ ಟಿಪ್ಪಣಿ ಮಾಡುವವರಿಗೂ ಇದು ಒಂದೇ ತರಹ ಒದಗುತ್ತದೆ. ಪುಸ್ತಕದ ಸಾಲುಗಳಿಗೆ ಬಣ್ಣ ಹಚ್ಚುವ ಬದಲು ಅಧ್ಯಾಯ ಮುಗಿಸಿ, ಮುಚ್ಚಿ, ಅರ್ಧ ಪುಟ ಸ್ವಂತ ಮಾತಿನಲ್ಲಿ ಬರೆದಿಟ್ಟರೆ ಇನ್ನೊಂದು ಉಪಕಾರವೂ ಆಗುತ್ತದೆ. ಬೇರೆಯವರ ವಾಕ್ಯ ಗೊತ್ತಿಲ್ಲದಂತೆ ತನ್ನ ಲೇಖನಕ್ಕೆ ನುಸುಳುವ ಅಪಾಯ ತಗ್ಗುತ್ತದೆ. ಪಕ್ಕದಲ್ಲೇ ಪುಸ್ತಕದ ಹೆಸರು, ಪುಟದ ಸಂಖ್ಯೆ ಇರಲಿ.

ತಿದ್ದುವ ಅಭ್ಯಾಸ ಮಾತ್ರ ಎಲ್ಲಕ್ಕಿಂತ ನಿಧಾನವಾಗಿ ಬರುತ್ತದೆ. ಊರ ಜಾತ್ರೆಯ ಬಗ್ಗೆ ಬರೆಯಲು ಹೇಳಿದರೆ ಹತ್ತರಲ್ಲಿ ಎಂಟು ಮಂದಿ ಶುರುಮಾಡುವುದು ಹೀಗೆ: ‘ಪ್ರಕೃತಿಯ ಮಡಿಲಲ್ಲಿರುವ ನಮ್ಮೂರಿನ ಜಾತ್ರೆ ನೋಡಲು ಎರಡು ಕಣ್ಣು ಸಾಲದು. ಎಲ್ಲೆಲ್ಲೂ ಸಂಭ್ರಮ ತುಂಬಿ ತುಳುಕುತ್ತಿರುತ್ತದೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾವ ಊರಿಗೆ ಬೇಕಾದರೂ ಹೊಂದುವ ಮಾತು. ಅದೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ನೀನು ಅಲ್ಲಿ ಏನು ನೋಡಿದೆ, ನಿಮ್ಮ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಬರಹ ಈ ದಾರಿ ಹಿಡಿಯಬಹುದು: ‘ಜಾತ್ರೆಯ ಹಿಂದಿನ ದಿನವೇ ಬೆಂಡು ಬತ್ತಾಸಿನ ಅಂಗಡಿಯವರು ಸ್ಕೂಲ್ ಕಾಂಪೌಂಡಿಗೆ ತಾಡಪಾಲು ಕಟ್ಟುತ್ತಾರೆ. ತೇರಿನ ಗಾಲಿಗೆ ಎಣ್ಣೆ ಬಿಡುವ ಕೆಲಸ ನಮ್ಮ ದೊಡ್ಡಪ್ಪನದು. ಆ ಹೊತ್ತು ಅವರನ್ನು ಯಾರೂ ಮಾತಾಡಿಸುವಂತಿಲ್ಲ.’ ಓದುಗರಿಗೆ ಈಗ ಒಂದು ಊರು ಕಂಡಿತು, ದೊಡ್ಡಪ್ಪನ ಬಗ್ಗೆ ಕುತೂಹಲವೂ ಹುಟ್ಟಿತು. ಮೊದಲ ಕರಡಿನಲ್ಲಿ ಇಂಥ ವಿವರ ಬಾರದಿದ್ದರೆ ಹುಡುಗರ ತಪ್ಪೇನಿಲ್ಲ. ಶಾಲೆಯ ಪ್ರಬಂಧಗಳು ಅವರಿಗೆ ಕಲಿಸಿದ್ದೇ ಮೊದಲನೆಯ ಧಾಟಿ.

ಬರೆದದ್ದನ್ನು ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ನಾಲ್ಕು ವಾಕ್ಯ ಸಾಲಾಗಿ ‘-ತ್ತದೆ’ ಎಂದು ಮುಗಿದರೆ ಕಿವಿಗೆ ಕೂಡಲೇ ಬಡಿಯುತ್ತದೆ, ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ. ‘ಹೋಗಿ, ನೋಡಿ, ಕೇಳಿ, ಬಂದು, ಕೂತು’ ಎಂದು ಎಳೆದುಕೊಂಡು ಹೋದ ವಾಕ್ಯದಲ್ಲಿ ಉಸಿರು ಎಲ್ಲಿ ಕಟ್ಟುತ್ತದೋ ಅಲ್ಲಿ ಪೂರ್ಣವಿರಾಮ ಹಾಕಬೇಕೆಂದು ನಾಲಿಗೆಯೇ ತೋರಿಸಿಕೊಡುತ್ತದೆ.

ಟೈಪಿಂಗ್ ಬಗ್ಗೆ ಒಂದು ಮಾತು. ನುಡಿ, ಬರಹ ತಂತ್ರಾಂಶಗಳಿಂದ ಕಂಪ್ಯೂಟರಿನಲ್ಲಿ ಕನ್ನಡದ ಬಳಕೆ ಹರಡಿತು; ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಥೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆಯಿಲ್ಲ. ಫೋನಿನಲ್ಲಿ ಟೈಪಾಗುವುದೆಲ್ಲ ಯೂನಿಕೋಡೇ. ಈಚೆಗೆ ಚಾಟ್‌ಜಿಪಿಟಿಯಂಥವು ಇಡೀ ಪ್ರಬಂಧವನ್ನೇ ಬರೆದುಕೊಡುತ್ತವೆ. ಗೊತ್ತಿಲ್ಲದ ವಿಷಯದ ಬಗ್ಗೆ ಪ್ರಶ್ನೆ ಕೇಳಲು ಅವು ಒದಗಬಹುದು, ಉತ್ತರವನ್ನು ಪುಸ್ತಕದಲ್ಲಿ ತಾಳೆ ನೋಡುವುದಾದರೆ. ಇಲ್ಲದ ಪುಸ್ತಕ, ಇಲ್ಲದ ಇಸವಿಗಳನ್ನು ಅವು ಧೈರ್ಯವಾಗಿ ಹೇಳಿಬಿಡುವುದುಂಟು. ಮೊದಲ ಕರಡನ್ನು ಅವುಗಳಿಗೆ ಒಪ್ಪಿಸಿದರೆ, ದೊಡ್ಡಪ್ಪನ ಎಣ್ಣೆಡಬ್ಬಿ ನೆನಪಿಗೆ ಬರುವ ಆ ಕಷ್ಟದ ಅರ್ಧ ಗಂಟೆಯೇ ಕೈತಪ್ಪಿ ಹೋಗುತ್ತದೆ.

ಮೇಷ್ಟರು ಸಿಗದಿದ್ದರೂ ಗೆಳೆಯರು ಸಿಗುತ್ತಾರೆ. ಕಾಲೇಜಿನಲ್ಲಿ ನಾಲ್ಕೈದು ಮಂದಿ ವಾರಕ್ಕೊಂದು ಸಂಜೆ ಖಾಲಿ ಕ್ಲಾಸ್‌ರೂಮಿನಲ್ಲಿ ಸೇರಿ ಒಬ್ಬೊಬ್ಬರ ಬರಹ ಓದಿಸಬಹುದು. ‘ಸೂಪರ್ ಕಣೋ’ ಎನ್ನುವುದನ್ನು ಬಿಟ್ಟು, ಎಲ್ಲಿ ಬೇಸರ ಬಂತು, ಎಲ್ಲಿ ನಂಬಿಕೆ ಬರಲಿಲ್ಲ ಎಂದು ಜಾಗ ತೋರಿಸಿ ಹೇಳುವುದು ಅಲ್ಲಿಯ ನಿಯಮವಾಗಲಿ. ರಜೆಯಲ್ಲಿ ಹೊರಗೆ ಹೋಗುವ ಅನುಕೂಲ ಇದ್ದವರಿಗೆ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ನಡೆಸಿಕೊಂಡು ಬಂದಿರುವ ಸಂಸ್ಕೃತಿ ಶಿಬಿರವಿದೆ. ನಾಟಕ, ಸಿನಿಮಾ, ಸಾಹಿತ್ಯದ ಚರ್ಚೆ ಒಂದೇ ಅಂಗಳದಲ್ಲಿ ಸಿಗುವ ಜಾಗ ಅದು.

ಬರೆದದ್ದು ಹದಕ್ಕೆ ಬಂದಿದೆ ಎನಿಸಿದಾಗ ಕಳಿಸಲು ‘ಸುಧಾ’, ‘ತರಂಗ’, ‘ಮಯೂರ’, ‘ತುಷಾರ’, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಹೊಸ ಹೆಸರುಗಳನ್ನು ಮುಂದೆ ತಂದಿದೆ. ಕಥಾಸಂಕಲನಕ್ಕಾಗುವಷ್ಟು ಕೂಡಿದ ಮೇಲೆ, ಲೇಖಕ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ ಹೊಸ ಕಥೆಗಾರರ ಮೊದಲ ಹಸ್ತಪ್ರತಿಗಳಿಗಾಗಿ ನಡೆಸುವ ಸ್ಪರ್ಧೆಯ ಕಡೆ ಕಣ್ಣಿಡಬಹುದು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಇದೆ. ಕಳಿಸುವ ಮುಂಚೆ ಆ ಪತ್ರಿಕೆಯ ನಾಲ್ಕು ಸಂಚಿಕೆ ಓದಿ, ಅಲ್ಲಿ ಎಷ್ಟು ಪದಗಳ ಕಥೆ ಬರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು. ಒಂದೇ ಬರಹವನ್ನು ಏಕಕಾಲಕ್ಕೆ ಮೂರು ಕಡೆ ಕಳಿಸಬಾರದು. ಕಳಿಸಿದ ತಾರೀಖನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡು, ಕೆಲವು ತಿಂಗಳು ಕಾದರೂ ಉತ್ತರ ಬಾರದಿದ್ದರೆ ಸಂಪಾದಕರಿಗೆ ಎರಡು ಸಾಲಿನಲ್ಲಿ ತಿಳಿಸಿ, ಬರಹವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ ತಿದ್ದಿ, ಬೇರೆ ಪತ್ರಿಕೆಗೆ ಕಳಿಸಬಹುದು.